ಫೋಟೊ ಇಲ್ಲದವರ ಮುಖಗಳು

ಕೆಟ್ಟ ಕಂಪ್ಯೂಟರಿನ ಮುಂದೆ ಕೂತರೆ ಸಪನಾ ಮೊದಲು ಏನನ್ನೂ ಮುಟ್ಟುವುದಿಲ್ಲ. ಒಂದೆರಡು ನಿಮಿಷ ಸುಮ್ಮನೆ ಕೂತು ಅದರ ಫ್ಯಾನಿನ ಸದ್ದು ಕೇಳುತ್ತಾಳೆ. ಹಳೆಯ ಯಂತ್ರಗಳು ನಿದ್ದೆಯಲ್ಲಿದ್ದವರ ಹಾಗೆ ಉಸಿರಾಡುತ್ತವೆ, ಆ ಉಸಿರಿನಲ್ಲೇ ಅರ್ಧ ರೋಗ ತಿಳಿಯುತ್ತದೆ ಎಂಬುದು ಅವಳ ನಂಬಿಕೆ. ಬೀದರಿನ ನೌಬಾದದ ಒಂದು ರಿಪೇರಿ ಅಂಗಡಿಯಲ್ಲಿ ಅವಳು ಕೆಲಸಕ್ಕೆ ಸೇರಿ ಏಳು ವರ್ಷವಾಯಿತು. ಈಗ ವಯಸ್ಸು ಇಪ್ಪತ್ತೆಂಟು. ಚಿದ್ರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಾಳೆ.

ಹುಟ್ಟಿದ ಊರು ಔರಾದ ತಾಲೂಕಿನ ಸಂತಪುರ. ಅಪ್ಪ ಮಾಣಿಕ ಬಸ್ ಕಂಡಕ್ಟರ್ ಆಗಿದ್ದವರು, ಈಗ ನಿವೃತ್ತರು. ಸಾಲೆಗೆ ರಜೆ ಬಂದರೆ ಸಪನಾ ಅಪ್ಪನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಔರಾದದಿಂದ ಬೀದರಿಗೆ, ಬೀದರಿನಿಂದ ಔರಾದಕ್ಕೆ ದಿನವೆಲ್ಲ ಓಡಾಡುತ್ತಿದ್ದಳು. ಕೆಂಪು ಮಣ್ಣು ಎಲ್ಲಿ ಮುಗಿದು ಕರಿ ಮಣ್ಣು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ ಹುಡುಕುತ್ತ ನಿದ್ದೆ ಹೋಗುತ್ತಿದ್ದಳು. ಎಚ್ಚರವಾದಾಗ ಮಣ್ಣು ಆಗಲೇ ಬದಲಾಗಿರುತ್ತಿತ್ತು. ಆ ಗೆರೆಯನ್ನು ಅವಳು ಒಮ್ಮೆಯೂ ಹಿಡಿಯಲಿಲ್ಲ.

ಸಂತಪುರದ ಮನೆಯ ಗೋಡೆಯ ಮೇಲೆ, ಬುದ್ಧನ ಮತ್ತು ಬಾಬಾಸಾಹೇಬರ ಚಿತ್ರಗಳ ಪಕ್ಕದಲ್ಲಿ, ಅವಳ ಅಜ್ಜಿ ಅಂಜನಾಬಾಯಿಯ ಫೋಟೊ ಇದೆ. ಆಕೆ ತೀರಿಕೊಂಡಾಗ ಮಾಣಿಕರಿಗೆ ಒಂಬತ್ತು ವರ್ಷ. ಹೀಗಾಗಿ ಸಪನಾಳಿಗೆ ಅಜ್ಜಿ ಎಂದರೆ ಆ ಫೋಟೊ ಮಾತ್ರ. ಮನೆಗೆ ಬಂದವರು ಒಮ್ಮೆ ಗೋಡೆ ನೋಡಿ, ಒಮ್ಮೆ ಹುಡುಗಿಯನ್ನು ನೋಡಿ, "ಕಣ್ಣು ಅಜ್ಜೀವೇ ಬಂದಾವ ನೋಡ್ರಿ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಒಂದು ಬಗೆಯ ಹೆಮ್ಮೆ. ತನಗಿಂತ ಮುಂಚೆಯೇ ತನ್ನ ಕಣ್ಣುಗಳು ಈ ಊರು ನೋಡಿವೆ ಅಂದುಕೊಳ್ಳುತ್ತಿದ್ದಳು.

ಹೋದ ವರ್ಷ ದೀಪಾವಳಿ ಮುಗಿದ ವಾರ ಭಾಲ್ಕಿಯಿಂದ ಅಂಗಡಿಗೆ ಫೋನ್ ಬಂತು. ಒಂದು ಫೋಟೊ ಸ್ಟುಡಿಯೊ. ಬಿಟ್ಟುಹೋದ ಕೆಲಸಗಾರನೊಬ್ಬನ ಖಾತೆ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ, ಬಂದು ತೆರೆದುಕೊಡಬೇಕು ಅಂದರು. ಸಪನಾ ಬೆಳಗಿನ ಬಸ್ಸಿಗೆ ಹೊರಟಳು.

ಸ್ಟುಡಿಯೊ ಹಳೆಯ ಗಲ್ಲಿಯೊಂದರಲ್ಲಿತ್ತು. ಯಜಮಾನ ನಂದಕುಮಾರ, ಮೂವತ್ತೈದರ ಆಸುಪಾಸಿನವನು, ತಂದೆ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುತ್ತಿದ್ದ. ಒಳಗೆ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ಮಡಿಲಲ್ಲಿ ಸೆರಗು ಮುಚ್ಚಿದ ಚೌಕಟ್ಟು ಇಟ್ಟುಕೊಂಡು ಕೂತಿದ್ದರು. ಹೆಸರು ಅಜೀಜಾ ಬೇಗಂ.

"ಕಂಪ್ಯೂಟರ್ ಛಲೋ ಅದರಿ ಮ್ಯಾಡಮ್. ಅದೊಂದು ಖಾತೆ ಅಷ್ಟ ತೆರಿವಲ್ದು" ಎಂದ ನಂದಕುಮಾರ. "ಹಾವಗೆಪ್ಪ ಅಂತ ಒಬ್ರು ಇಪ್ಪತ್ತೆರಡು ವರ್ಷ ಇಲ್ಲೇ ದುಡದಾರ. ಐದು ವರ್ಷದ ಹಿಂದ ಬಿಟ್ಟು ಹೋದ್ರು. ಹೋಗುವಾಗ ಬೀಗ ಜಡದು ಹೋಗ್ಯಾರ. ಇವರ ಅಕ್ಕನ ತಸ್ವೀರ ಅದರಾಗೇ ಅದ."

ಅಜೀಜಾ ಬೇಗಂ ಸೆರಗು ಸರಿಸಿ ಚೌಕಟ್ಟು ತೋರಿಸಿದರು. ಮಳೆಗಾಲದಲ್ಲಿ ಗೋಡೆಗೆ ನೀರು ಇಳಿದು ಚಿತ್ರವೆಲ್ಲ ಕರಗಿಹೋಗಿತ್ತು. ಒಂದು ಕಿವಿ, ಸ್ವಲ್ಪ ದುಪಟ್ಟಾ ಉಳಿದಿತ್ತು. ಮುಖದ ಜಾಗದಲ್ಲಿ ಗುಲಾಬಿ, ನೀಲಿ ಬಣ್ಣದ ಮೋಡ.

"ನಮ್ಮ ಅಕ್ಕ ಮುನವ್ವರ ಬೇಗಂ, ಬೇಟಾ" ಅಂದರು. "ಹೆರಿಗ್ಯಾಗ ಹೋದಳು. ಇಪ್ಪತ್ತೆರಡೇ ವರ್ಷ. ಕೂಸು ಉಳೀತು, ನಾನೇ ಸಾಕೀನಿ. ಬರೋ ಐತವಾರ ಆ ಕೂಸಿನ ಶಾದಿ. ಉದಗೀರಕ್ಕ ಕೊಡ್ಲಿಕತ್ತೀವಿ. ಜೋಡಿ ಒಯ್ಲಿಕ್ಕೆ ಆಕಿಗೆ ಅಮ್ಮೀ ತಸ್ವೀರ ಬೇಕಂತ."

"ಹಳೇ ಫೋಟೊ ಇದ್ರ ಕೊಡ್ರಿ ಖಾಲಾ. ಅದರ ಮ್ಯಾಲಿಂದ ಹೊಸಾದು ಮಾಡಬಹುದು" ಎಂದಳು ಸಪನಾ.

"ಅದೇ ಇಲ್ಲಲ್ಲ. ಆಕಿ ಫೋಟೊ ಎಂದೂ ತೆಗದೇ ಇಲ್ಲ."

ಸಪನಾಳಿಗೆ ಅರ್ಥವಾಗಲಿಲ್ಲ. ಫೋಟೊ ಇಲ್ಲದವರ ಫೋಟೊ ಹೇಗೆ ಬಂತು? ಆಗ ನಂದಕುಮಾರ ಸ್ವಲ್ಪ ಸಂಕೋಚದಿಂದಲೇ ಹೇಳಿದ. ಹಾವಗೆಪ್ಪನವರ ಕೆಲಸ ಅದೇ ಆಗಿತ್ತು. ಫೋಟೊ ಇಲ್ಲದೆ ತೀರಿಕೊಂಡವರ ಮುಖವನ್ನು ಮನೆಯವರ ಬಾಯಿಂದ ಕೇಳಿ, ಮಗನ ಹಣೆ, ತಂಗಿಯ ತುಟಿ, ಅಣ್ಣನ ಕಿವಿ ಹೀಗೆ ಒಂದೊಂದೇ ಕೂಡಿಸಿ ಮಾಡಿಕೊಡುತ್ತಿದ್ದರು. ಮೊದಲು ಕುಂಚದಿಂದ, ಐವತ್ತು ದಾಟಿದ ಮೇಲೆ ಕಲಿತು ಕಂಪ್ಯೂಟರಿನಿಂದ.

ಸಪನಾ ಯಂತ್ರದ ಮುಂದೆ ಕೂತಳು. ಫ್ಯಾನು ಸಣ್ಣಗೆ ಕೆಮ್ಮುತ್ತಿತ್ತು, ರೋಗವೇನೂ ಇರಲಿಲ್ಲ. ನಂದಕುಮಾರನ ಖಾತೆಯಿಂದ ಒಳಹೊಕ್ಕು ಹಾವಗೆಪ್ಪನವರ ಫೋಲ್ಡರುಗಳನ್ನು ನೋಡಿದಳು. ಹೆಸರುಗಳು ಕಂಡವು. ಭಾಲ್ಕಿ, ಔರಾದ, ಕಮಲನಗರ, ಸಂತಪುರ ಹೀಗೆ ಊರ ಹೆಸರುಗಳು. ಎಲ್ಲವೂ ಹಸಿರು ಅಕ್ಷರದಲ್ಲಿದ್ದವು. ತನ್ನ ಊರ ಹೆಸರಿನ ಮೇಲೆ ಅವಳ ಕಣ್ಣು ಒಂದು ಕ್ಷಣ ನಿಂತಿತು. ಒತ್ತಿದರೆ ಅನುಮತಿ ಇಲ್ಲ ಎಂದಿತು.

ಹಸಿರು ಅಕ್ಷರದ ಅರ್ಥ ಅವಳಿಗೆ ಗೊತ್ತಿತ್ತು. ಈ ಕಂಪ್ಯೂಟರನ್ನು ಮೊದಲು ಜೋಡಿಸಿಕೊಟ್ಟವರು ಯಾರೋ ಫೈಲುಗಳಿಗೆ ಗುಪ್ತ ಬೀಗ ಹಾಕುವ ವ್ಯವಸ್ಥೆ ಶುರುಮಾಡಿ ಹೋಗಿದ್ದರು. ಹಾವಗೆಪ್ಪನವರು ಉಳಿಸಿದ ಪ್ರತಿ ಫೈಲೂ ಅವರ ಪಾಸ್‌ವರ್ಡಿಗೆ ತಾನಾಗಿಯೇ ಕಟ್ಟಿಕೊಂಡಿತ್ತು.

"ಪಾಸ್‌ವರ್ಡ್ ಮುರದ ಹಾಕ್ರಿ. ನಿಮಗ ಬರ್ತದಲ್ಲ?" ಎಂದ ನಂದಕುಮಾರ.

"ಬರ್ತದರಿ. ಎರಡ ನಿಮಿಷದ ಕೆಲಸ. ಆದ್ರ ಮುರದ್ರ ಖಾತೆ ಅಷ್ಟ ತೆರೀತದ, ಒಳಗಿನ ಫೋಟೊ ಮತ್ತ ಎಂದೂ ತೆರಿಯಂಗಿಲ್ಲ. ಆ ಹಳೇ ಪಾಸ್‌ವರ್ಡೇ ಅವಕ್ಕ ಕೀಲಿಕೈ. ನೀವು ಅವರಿಗೆ ಕೇಳೀರೇನು?"

ನಂದಕುಮಾರ ಗಲ್ಲಿಯ ಕಡೆ ನೋಡಿದ. "ಇಲ್ರಿ."

"ಐದು ವರ್ಷದಾಗ?"

"ಇಲ್ರಿ" ಎಂದ ಮತ್ತೊಮ್ಮೆ.

ಅವಳು ಮೊದಲು ಇಡೀ ಡಿಸ್ಕನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಲು ಹಚ್ಚಿದಳು. ಏನೇ ತಪ್ಪಾದರೂ ಒಂದು ಪ್ರತಿ ಉಳಿಯಲಿ ಎಂದು. ಅದಕ್ಕೆ ಮಧ್ಯಾಹ್ನವೆಲ್ಲ ಬೇಕಾಯಿತು. ಅಜೀಜಾ ಬೇಗಂ ಮನೆಗೆ ಹೋದರು. ಗಲ್ಲಿಯಲ್ಲಿ ಜನ ಕಡಿಮೆಯಾಯಿತು. ಸ್ಟುಡಿಯೊದ ಹಿಂದಿನ ಪರದೆಯ ಮೇಲೆ ಬರೆದ ಕೆರೆ, ಹಂಸ, ಬೆಟ್ಟ ಬಿಸಿಲಿಗೆ ಬಣ್ಣಗೆಟ್ಟಿದ್ದವು. ನಂದಕುಮಾರ ಕೇಳದಿದ್ದರೂ ಹೇಳತೊಡಗಿದ.

ಅಪ್ಪ ಇದ್ದಾಗ ಹಾವಗೆಪ್ಪನವರಿಗೆ ಅಂಗಡಿಯಲ್ಲಿ ಬಹಳ ಗೌರವ. ಒಂದು ಮುಖಕ್ಕೆ ತಿಂಗಳಾದರೂ ಅಪ್ಪ ಅವಸರ ಮಾಡುತ್ತಿರಲಿಲ್ಲ. ತನ್ನ ಕೈಗೆ ಅಂಗಡಿ ಬಂದ ಮೇಲೆ ಹಾಗೆ ತಡೆದುಕೊಳ್ಳಲು ಆಗಲಿಲ್ಲ. ಒಂದು ದಿನ ಗಿರಾಕಿಗಳ ಎದುರೇ, ‘ಇಲ್ಲದವರ ಸುಳ್ಳು ಮುಖ ಮಾಡಿಕೊಡೋ ಧಂದಾ ಸಾಕು ಮಾಡ್ರಿ ಕಾಕಾ’ ಅಂದುಬಿಟ್ಟ. ಹಾವಗೆಪ್ಪ ಕಂಪ್ಯೂಟರ್ ಬಂದ್ ಮಾಡಿದರು, ಕನ್ನಡಕ ಒರೆಸಿಕೊಂಡರು, ಚಪ್ಪಲಿ ಮೆಟ್ಟಿ ಹೋದರು. ಮರುದಿನ ಬರಲಿಲ್ಲ.

"ಕೇಳ್ಲಿಕ್ಕೆ ಮುಖ ಇರ್ಲಿಲ್ರಿ" ಎಂದ.

ಅವರು ಈಗ ಔರಾದದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ವಿಳಾಸ ಬರೆದುಕೊಟ್ಟ. ತಾನು ಬರುತ್ತೇನೆ ಅನ್ನಲಿಲ್ಲ.

ಮರುದಿನ ಬೀದರಿನಿಂದ ಔರಾದದ ಬಸ್ಸು ಮಂಜಿನಲ್ಲಿ ಹೊರಟಿತು. ಕಿಟಕಿಯ ಗಾಜು ಬೆವೆತಿತ್ತು. ತೊಗರಿ ಹೊಲಗಳು ಹೂವಿಗೆ ಬಂದಿದ್ದವು. ಮಂಜಿನೊಳಗೆ ಆ ಹಳದಿ ಹತ್ತಿರ ಬಂದು, ದೂರ ಸರಿದು, ಮತ್ತೆ ಬರುತ್ತಿತ್ತು. ಸಪನಾ ಅರೆನಿದ್ದೆಯಲ್ಲಿ, ಮೋಡದ ಹಾಗೆ ಕರಗಿದ ಆ ಹೆಂಗಸಿನ ಮುಖಕ್ಕೆ ಬೇರೆ ಬೇರೆ ಕಣ್ಣು ಮೂಗು ಹಚ್ಚಿ ನೋಡುತ್ತಿದ್ದಳು. ಯಾವುದೂ ನಿಲ್ಲಲಿಲ್ಲ. ಸಂತಪುರದಲ್ಲಿ ಬಸ್ಸು ನಿಂತಾಗ ಕಣ್ಣು ಬಿಟ್ಟಳು. ಇಳಿದರೆ ಮನೆ ಹತ್ತು ನಿಮಿಷದ ದಾರಿ. ಇಳಿಯಲಿಲ್ಲ.

ಹಾವಗೆಪ್ಪನವರ ಮಗಳು ಶಶಿಕಲಾ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಬಾಗಿಲಲ್ಲೇ ಮಷೀನಿನ ಸದ್ದು ಕೇಳಿಸಿತು. ಪಡಸಾಲೆಯಲ್ಲಿ, ಬಿಸಿಲು ಬೀಳುವ ಕಡೆ ಮುಖ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡ ಮುದುಕರೊಬ್ಬರು ಕೂತಿದ್ದರು.

"ಅಪ್ಪಾರಿಗಿ ಕಾಣಂಗಿಲ್ಲ ತಂಗಿ. ಕಾಚಬಿಂದು ಆಗ್ಯದ. ಹತ್ತಿರ ಕೂತು ಮಾತಾಡು" ಎಂದರು ಶಶಿಕಲಾ.

"ಎಲ್ಲಾ ಕಾಣಂಗಿಲ್ಲ ಅಂತಲ್ಲ" ಎಂದರು ಹಾವಗೆಪ್ಪ. "ಬೆಳಕು ಕಾಣ್ತದ. ಬೆಳಕಿನಾಗ ನಿಂತೋರು ಕಾಣಂಗಿಲ್ಲ. ಯಾರವ್ವಾ ನೀ?"

ಸಪನಾ ಬಂದ ಕಾರಣ ಹೇಳಿದಳು. ಮುನವ್ವರ ಬೇಗಂ ಎಂಬ ಹೆಸರು ಕೇಳುತ್ತಲೇ ಅವರು ತಲೆ ಎತ್ತಿದರು.

"ನಗೋ ಹೆಣ್ಣುಮಗಳು" ಎಂದರು. "ಆಕಿ ಮುಖ ಎರಡ ತಿಂಗಳು ತೊಗೊಂಡ್ತು. ತಂಗಿ ದಿನಾ ಬರ್ತಿದ್ದಳು. ಕೂಸಿನ್ನ ಬಗಲಾಗ ಎತ್ತಿಕೊಂಡು."

"ಕಾಕಾ, ನೋಡದೇ ಇರೋರ ಮುಖ ಹ್ಯಾಂಗ ಮಾಡ್ತಿದ್ರಿ?"

"ಮೂಗು ಹ್ಯಾಂಗಿತ್ತು, ಕಣ್ಣು ಹ್ಯಾಂಗಿತ್ತು ಅಂತ ಕೇಳಬಾರದು. ಕೇಳಿದ್ರ ಎಲ್ಲಾರೂ ಛಂದ ಇತ್ತು ಅಂತಾರ. ನೀ ಸಾಲಿಯಿಂದ ತಡಾ ಮಾಡಿ ಬಂದ್ರ ನಿಮ್ಮವ್ವ ಹ್ಯಾಂಗ ನೋಡ್ತಿದ್ದಳು, ಅದನ್ನ ಕೇಳಬೇಕು. ಹೇಳ್ಕೋತ ಹೇಳ್ಕೋತ ಅವರ ಮುಖಾನೇ ಹಂಗ ಆಗ್ತದ. ಹುಬ್ಬು ಏರ್ತದ, ತುಟಿ ಬಿಗೀತದ. ಸತ್ತೋರು ಒಂದು ಗಳಿಗಿ ಇವರ ಮುಖದ ಮ್ಯಾಲ ಬಂದು ಹೋಗ್ತಾರ. ನಾ ಕ್ಯಾಮೆರಾ ಹಿಡಕೊಂಡು ಅದಕ್ಕೇ ಕಾಯ್ತಿದ್ದೆ."

ಶಶಿಕಲಾ ಮಷೀನು ನಿಲ್ಲಿಸಿ ಕೇಳುತ್ತಿದ್ದರು. ಬಿಸಿಲು ಹಾವಗೆಪ್ಪನವರ ಮೊಣಕಾಲಿನಿಂದ ಮಡಿಲಿಗೆ ಏರಿತ್ತು.

"ಪಾಸ್‌ವರ್ಡ್..." ಎಂದು ಸಪನಾ ಮೆಲ್ಲಗೆ ತೆಗೆದಳು.

"ಬೇಕಾಗಿತ್ತೇನು? ಯಾರೂ ಕೇಳಲೇ ಇಲ್ಲಲ್ಲ!" ಅವರ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಬೀಗ ಹಾಕೀನಿ ಅಂತ ತಿಳಕೊಂಡಾನೇನು ನಂದು? ನಾ ಏನೂ ಹಾಕಿಲ್ಲವ್ವಾ. ಎದ್ದು ಬಂದೆ ಅಷ್ಟ. ನಾ ಮಾಡಿದ ಮುಖ ಯಾರಿಗೂ ಬೇಕಿಲ್ಲ ಅಂದ್ಕೊಂಡೆ."

ಅವಳನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು. ಆ ಮಾತನ್ನು ಸಪನಾ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

"ಒಂದ ಮಾತು" ಎಂದರು ಆಮೇಲೆ. "ಪ್ರತಿ ಮುಖದ ಜೋಡಿ ಕಂಪ್ಯೂಟರಿನಾಗೇ ಒಂದೊಂದು ಚೀಟಿ ಬರದಿಟ್ಟೇನಿ. ಮನಿಯವರು ಹೇಳಿದ ಮಾತು. ಮನಿ ಒಳಗಿನ ಮಾತು ಇರ್ತಾವ. ನಂದುಗ ತೋರಿಸಬ್ಯಾಡ. ಆಯಾ ಮನಿಯವರಿಗಿ ಅಷ್ಟ ಓದಿ ಹೇಳು. ನಿಮ್ಮ ಊರು ಯಾವುದವ್ವಾ?"

"ಸಂತಪುರ್ರಿ. ಮಾಣಿಕ ಕಂಡಕ್ಟರ ಮಗಳು."

ಹಾವಗೆಪ್ಪ ಕಾಣದ ಕಣ್ಣುಗಳನ್ನು ಅವಳ ದನಿ ಬಂದ ಕಡೆ ತಿರುಗಿಸಿ ಬಹಳ ಹೊತ್ತು ಇಟ್ಟರು.

"ಹಂಗಾದ್ರ ನಿನ್ನ ನಾ ನೋಡೀನಿ" ಎಂದರು.

"ಯಾವಾಗ್ರಿ?"

"ನೀ ಹತ್ತು ವರ್ಷದಾಕಿ. ನಿನಗ ಗೊತ್ತಿಲ್ಲಂದ್ರ ನಿಮ್ಮಪ್ಪನ್ನ ಕೇಳು. ನಾ ಹೇಳೋದಲ್ಲ."

ಮರುದಿನ ಭಾಲ್ಕಿಯಲ್ಲಿ ಪಾಸ್‌ವರ್ಡ್ ಹಾಕಿದಳು. ತಪ್ಪು ಎಂದಿತು. ದೊಡ್ಡ ಅಕ್ಷರ, ಸಣ್ಣ ಅಕ್ಷರ ಬದಲಿಸಿ ಹಾಕಿದಳು. ತಪ್ಪು. ನಂದಕುಮಾರ ಬೆನ್ನ ಹಿಂದೆ ನಿಂತಿದ್ದ, ಅಜೀಜಾ ಬೇಗಂ ಬೆಂಚಿನ ಮೇಲೆ ತಸಬೀಹದ ಮಣಿ ಎಣಿಸುತ್ತಿದ್ದರು. ಇನ್ನೆರಡು ಸಲ ತಪ್ಪಿದರೆ ಖಾತೆ ಅರ್ಧ ತಾಸು ಪೂರ್ತಿ ಮುಚ್ಚಿಕೊಳ್ಳುತ್ತದೆ ಎಂದು ಸಪನಾಳಿಗೆ ಗೊತ್ತಿತ್ತು. ಹೊರಗೆ ಹೋಗಿ ಶಶಿಕಲಾಗೆ ಫೋನ್ ಮಾಡಿದಳು.

ಹಾವಗೆಪ್ಪ ಫೋನಿಗೆ ಬಂದರು. ಕೀಲಿಮಣೆ ಒತ್ತಿದ ಹಾಗೆ ಬೆರಳುಗಳಿಂದ ಖುರ್ಚಿಯ ಕೈ ಬಡಿಯುವ ಸದ್ದು ಬಂತು. "ಕಡೀಕ ಒಂದು ಚುಕ್ಕಿ" ಎಂದರು. "ಮಾತು ಮುಗಿದ ಮ್ಯಾಲ ಚುಕ್ಕಿ ಇಡಬೇಕಲ್ಲ. ಇಟ್ಟೀನಿ."

ಚುಕ್ಕಿ ಇಟ್ಟಾಗ ಖಾತೆ ತೆರೆಯಿತು.

ಐದು ವರ್ಷದ ಹಿಂದೆ ಬಿಟ್ಟುಹೋದ ಹಾಗೆಯೇ ಎಲ್ಲ ಇತ್ತು. ಮುನ್ನೂರ ಹನ್ನೆರಡು ಮುಖಗಳು. ಸಪನಾ ಮೊದಲು ಎಲ್ಲ ಫೈಲುಗಳ ಗುಪ್ತ ಬೀಗ ಬಿಡಿಸಿದಳು. ಪಟ್ಟಿಯ ಹೆಸರುಗಳು ಒಂದೊಂದಾಗಿ ಹಸಿರಿನಿಂದ ಕಪ್ಪಿಗೆ ತಿರುಗಿದವು. ಚೀಟಿಗಳನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಸರಿಸಿಕೊಂಡಳು. ಆಮೇಲೆ ಭಾಲ್ಕಿಯ ಫೋಲ್ಡರಿನಲ್ಲಿ ಮುನವ್ವರ ಬೇಗಂ ಅವರನ್ನು ಹುಡುಕಿ ತೆರೆದಳು.

ಪರದೆಯ ತುಂಬ ಒಬ್ಬ ಹುಡುಗಿಯ ಮುಖ ಬಂತು. ನಕ್ಕಿಲ್ಲ, ಆದರೆ ಇನ್ನೊಂದು ಗಳಿಗೆಗೆ ನಗುವವಳು. ಅಜೀಜಾ ಬೇಗಂ ಎದ್ದು ಬಂದು ಗಾಜನ್ನು ಬೆರಳತುದಿಯಿಂದ ಮುಟ್ಟಿದರು. "ಆಪಾ" ಎಂದು ಅಕ್ಕನನ್ನು ಕರೆದರು, ಅಷ್ಟೇ.

ನಂದಕುಮಾರನನ್ನು ಪ್ರಿಂಟಿನ ಕಾಗದ ತರಲು ಕಳಿಸಿ ಸಪನಾ ಚೀಟಿ ಓದಿದಳು. ಹಾವಗೆಪ್ಪ ಬರೆದಿದ್ದರು: ‘ಅಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳಂತೆ. ಹಲ್ಲು ಕಂಡರೆ ಅತ್ತೆ ಬೈಯುತ್ತಿದ್ದಳು. ತಂಗಿ ಇದನ್ನು ಹೇಳುವಾಗ ತಾನೂ ಕೈ ಇಟ್ಟುಕೊಂಡಳು. ಕೈ ತೆಗೆದ ಮೇಲೆ ಉಳಿದದ್ದನ್ನು ತೆಗೆದುಕೊಂಡಿದ್ದೇನೆ.’

ಅಜೀಜಾ ಬೇಗಂ ಅದನ್ನು ಇನ್ನೊಮ್ಮೆ ಓದಿಸಿದರು. "ಮರತೇ ಬಿಟ್ಟಿದ್ದೆ ನೋಡು. ಆ ಕೈ ಇಡೋದು ಮರತೇ ಬಿಟ್ಟಿದ್ದೆ" ಅಂದರು.

ಅವರು ಚಿತ್ರ ತೆಗೆದುಕೊಂಡು ಹೋದ ಮೇಲೆ, ನಂದಕುಮಾರ ಗಿರಾಕಿಯೊಬ್ಬರ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದಾಗ, ಸಪನಾ ಸಂತಪುರದ ಫೋಲ್ಡರು ತೆರೆದಳು. ಏಳು ಹೆಸರುಗಳಿದ್ದವು. ಐದನೆಯದು, ‘ಅಂಜನಾಬಾಯಿ, ಮಾಣಿಕರ ತಾಯಿ’.

ಗೋಡೆಯ ಮೇಲಿನ ಅದೇ ಅಜ್ಜಿ. ಅದೇ ಸೀರೆಯ ಅಂಚು, ಅದೇ ಕುಂಕುಮವಿಲ್ಲದ ಅಗಲ ಹಣೆ. ಅದು ಎಲ್ಲೋ ಇದ್ದ ಹಳೆಯ ಸಣ್ಣ ಫೋಟೊವನ್ನು ದೊಡ್ಡದು ಮಾಡಿಸಿದ್ದು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಪಕ್ಕದಲ್ಲಿ, ಒಂದರ ಮೇಲೊಂದು ಕೂಡಿಸಿ ಆ ಮುಖ ಮಾಡಿದ ಪದರಗಳ ಪಟ್ಟಿ ಇತ್ತು. ‘ಮಾಣಿಕರ ಹಣೆ.’ ‘ತಂಗಿ ಮಗಳ ಗಲ್ಲ.’ ‘ಅಣ್ಣನ ಮೂಗು, ಸ್ವಲ್ಪ ಸಣ್ಣದು ಮಾಡಿ.’ ಎಲ್ಲಕ್ಕಿಂತ ಮೇಲೆ, ‘ಕಣ್ಣು. ಮೊಮ್ಮಗಳು, ವಯಸ್ಸು ಹತ್ತು.’

ಸಪನಾ ಆ ಪದರವನ್ನು ಮರೆಮಾಡಿದಳು. ಕಣ್ಣಿದ್ದ ಜಾಗದಲ್ಲಿ ಬರೀ ಬೂದು ಬಣ್ಣ. ಮತ್ತೆ ತೋರಿಸಿದಳು, ಅಜ್ಜಿ ನೋಡಿದಳು. ಹೀಗೆ ಎಷ್ಟು ಸಲ ಮಾಡಿದಳೋ. ಅವಳಿಗೆ ನೆನಪು ಮಸುಕಾಗಿ ಬಂತು. ಅಪ್ಪನ ಕೈ ಹಿಡಿದು ಒಂದು ಗಲ್ಲಿ, ಬಣ್ಣದ ಹಂಸ ಬರೆದ ಪರದೆ, ಎತ್ತರದ ಸ್ಟೂಲು, ನೆಲಕ್ಕೆ ಎಟುಕದ ಕಾಲುಗಳು. ಅದನ್ನು ಯಾವುದೋ ಕನಸೆಂದು ಬಿಟ್ಟಿದ್ದಳು. ತಿರುಗಿ ನೋಡಿದರೆ ಹಂಸ ಅಲ್ಲೇ, ಬಣ್ಣಗೆಟ್ಟು, ಗೋಡೆಗೆ ಒರಗಿತ್ತು.

ಚೀಟಿಯಲ್ಲಿ ಎರಡೇ ಸಾಲು. ‘ಮಗನಿಗೆ ತಾಯಿಯ ಕೈ ನೆನಪಿದೆ, ಮುಖ ನೆನಪಿಲ್ಲ. ಕಣ್ಣಿನ ವಿಷಯ ಕೇಳಿದಾಗ ಅತ್ತರು.’

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಅಜ್ಜಿಯಿಂದ ಬಂದದ್ದು ಎಂದುಕೊಂಡಿದ್ದ ಒಂದೇ ಒಂದು ಆಸ್ತಿ ತಾನೇ ಅಜ್ಜಿಗೆ ಕೊಟ್ಟದ್ದಾಗಿತ್ತು. ಬಂದವರೆಲ್ಲ ಹದಿನೇಳು-ಹದಿನೆಂಟು ವರ್ಷ ಅವಳ ಕಣ್ಣನ್ನು ಅವಳ ಕಣ್ಣಿಗೇ ಹೋಲಿಸಿದ್ದರು.

ಸಂಜೆಗೆ ಮುಂಚೆಯೇ ಸಂತಪುರ ಮುಟ್ಟಿದಳು. ಮಾಣಿಕ ಅಂಗಳದಲ್ಲಿ ಕೂತು ಒಣಗಿದ ಹೆಸರುಕಾಯಿ ಬಿಡಿಸುತ್ತಿದ್ದರು. ಹೇಳದೆ ಬಂದ ಮಗಳನ್ನು ನೋಡಿ ಎದ್ದರು.

"ಯಾಕ ಬೇಟಿ, ಅರಾಮ ಇದ್ದಿಯಲ್ಲ?"

"ಬಾಬಾ, ಅಜ್ಜಿ ಫೋಟೊಕ್ಕ ನನ್ನ ಕಣ್ಣು ಯಾಕ ಹಚ್ಚಿಸಿದಿ?"

ಮಾಣಿಕ ಮತ್ತೆ ಕೂತರು. ಒಂದು ಕಾಯಿ ಬಿಡಿಸಿ ಕಾಳು ಬುಟ್ಟಿಗೆ ಹಾಕಿದರು. ಇನ್ನೊಂದು ತೆಗೆದುಕೊಂಡು ಹಾಗೇ ಹಿಡಿದರು.

"ನಮ್ಮವ್ವನ ಕಣ್ಣು ನಾ ಬರೋಬ್ಬರಿ ನೋಡೇ ಇಲ್ಲ. ಆಕಿ ಯಾವಾಗ್ಲೂ ತಲಿ ಬಗ್ಗಿಸಿ ಇರ್ತಿದ್ದಳು. ಕಳೆ ತೆಗಿವಾಗ ಬಗ್ಗಿ, ರೊಟ್ಟಿ ಬಡಿವಾಗ ಬಗ್ಗಿ. ನಾ ಬಾಜು ಕೂತಿರ್ತಿದ್ದೆ. ನನಗ ಕೈ ಅಷ್ಟ ಕಾಣ್ತಿದ್ವು. ಹಾವಗೆಪ್ಪ ಮಾಸ್ತರು ಕೇಳಿದ್ರು, ಒಂದ ಸಲನಾದ್ರೂ ತಲಿ ಎತ್ತಿ ನಿಮ್ಮನ್ನ ನೋಡ್ಯಾಳೇನು ಅಂತ."

"ನೋಡ್ಯಾಳೇನು?"

"ಒಂದ ಸಲ. ನನಗ ಜ್ವರ ಬಂದು ಎರಡ ದಿನ ಎಚ್ಚರ ಇರ್ಲಿಲ್ಲಂತ. ಕಣ್ಣು ತೆರದ್ರ ಆಕಿ ನೋಡ್ಲಿಕತ್ತಿದ್ದಳು. ಹ್ಯಾಂಗ ನೋಡ್ಲಿಕತ್ತಿದ್ದಳು ಅಂತ ಮಾಸ್ತರಿಗಿ ಹೇಳ್ಲಿಕ್ಕೆ ಹೋದ್ರ ಮಾತೇ ಬರಲಿಲ್ಲ, ಅಳು ಬಂತು. ನೀ ಸ್ಟೂಲ್ ಮ್ಯಾಲ ಕೂತಿದ್ದಿ. ಬಾಬಾ ಯಾಕ ಅಳ್ತಾನ ಅಂತ ನನ್ನ ಕಡೆ ನೋಡಿದಿ. ಇದೇ ಮಾಸ್ತರ, ಬರೋಬ್ಬರಿ ಹಿಂಗೇ ಅಂದೆ. ಅವರು ಫೋಟೊ ಹೊಡದ್ರು."

ಸಪನಾ ಒಳಗೆ ಹೋಗಿ ಗೋಡೆಯ ಮುಂದೆ ನಿಂತಳು. ಅಜ್ಜಿ ಅವಳನ್ನು ನೋಡುತ್ತಿದ್ದಳು, ಅಳುವ ಮಗನನ್ನು ನೋಡುವ ಹಾಗೆ. ಅದರಲ್ಲಿ ತನ್ನದೆಷ್ಟು ಅಜ್ಜಿಯದೆಷ್ಟು ಎಂದು ಬೇರೆ ಮಾಡಲು ಹೋಗಿ ಅವಳಿಗೆ ಆಗಲಿಲ್ಲ. ಹೊರಗೆ ಬಂದು ಅಪ್ಪನ ಎದುರು ಕೂತು ತಾನೂ ಹೆಸರುಕಾಯಿ ಬಿಡಿಸತೊಡಗಿದಳು. ಸಿಟ್ಟು ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಮಾಣಿಕ ತಮ್ಮ ತಾಯಿಯ ಕೈಗಳ ಬಗ್ಗೆ ಹೇಳುತ್ತಿದ್ದರು. ಎಡಗೈಯ ಕಿರುಬೆರಳು ಸೊಟ್ಟ ಇತ್ತಂತೆ, ಕುಡುಗೋಲು ತಾಗಿ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದುಕೊಡುವಾಗ ಅವರು ಹೆಂಗಸರ ಕೈಗಳನ್ನೇ ನೋಡುತ್ತಿದ್ದರಂತೆ. ಒಮ್ಮೆ ಔರಾದದ ಹತ್ತಿರ ಅಂಥದೇ ಕೈ ಬಂದಾಗ ಮುಖ ನೋಡದೆ ಮುಂದೆ ಹೋಗಿಬಿಟ್ಟರಂತೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಐತವಾರ ಕಳೆದ ಎರಡು ದಿನಕ್ಕೆ ಅಜೀಜಾ ಬೇಗಂ ಫೋನ್ ಮಾಡಿದರು. ಹುಡುಗಿ ಉದಗೀರಕ್ಕೆ ಹೋದಳು. ಚಿತ್ರವನ್ನು ಪೆಟ್ಟಿಗೆಯಲ್ಲಿ ರೇಷ್ಮೆ ಬಟ್ಟೆಗಳ ನಡುವೆ ಇಟ್ಟುಕೊಂಡಳು. ಇಡುವ ಮುಂಚೆ ಬಹಳ ಹೊತ್ತು ನೋಡಿ, ‘ಖಾಲಾ, ಅಮ್ಮೀ ನನಕಿಂತ ಸಣ್ಣಾಕಿ ಇದಾಳಲ್ಲ’ ಅಂದಳಂತೆ. ಅವಳಿಗೆ ಈಗ ಇಪ್ಪತ್ತಮೂರು.

ನಂದಕುಮಾರ ಔರಾದಕ್ಕೆ ಹೋಗಲು ಇನ್ನೂ ಮೂರು ವಾರ ತೆಗೆದುಕೊಂಡ. ಸಪನಾಳೇ ಜೊತೆಗೆ ಹೋದಳು. ಅವನು ಬಾಗಿಲಲ್ಲಿ ನಿಂತು, ಕಲಿತುಕೊಂಡು ಬಂದ ಮಾತು ಮರೆತು, "ಕಾಕಾ, ನನ್ನಿಂದ ತಪ್ಪಾಗ್ಯದ" ಎಂದಷ್ಟೇ ಹೇಳಿದ.

"ಒಳಗ ಬಾ ನಂದು. ನಿಮ್ಮಪ್ಪನ ದನಿ ಬಂದದ ನಿನಗ" ಎಂದರು ಹಾವಗೆಪ್ಪ. ಆ ವಿಷಯ ಅಲ್ಲಿಗೆ ಮುಗಿಯಿತು. ಶಶಿಕಲಾ ಚಹಾ ಮಾಡಿದರು.

ಅವತ್ತಿನಿಂದ ವಾರಕ್ಕೊಂದು ದಿನ, ಅಂಗಡಿಗೆ ರಜೆ ಇರುವ ಶುಕ್ರವಾರ, ಸಪನಾ ಔರಾದಕ್ಕೆ ಹೋಗುತ್ತಾಳೆ. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚೀಟಿ ತೆರೆದು ಊರು, ಹೆಸರು ಓದುತ್ತಾಳೆ. ಹಾವಗೆಪ್ಪ ಬಿಸಿಲಿಗೆ ಮುಖ ಮಾಡಿ ಆ ಮನೆಯ ಗುರುತು ಹೇಳುತ್ತಾರೆ. ಬೇವಿನ ಗಿಡದ ಎದುರು, ಮಗ ಟೇಲರ್, ಸೊಸೆ ಕಮಲನಗರದವಳು. ಅವಳು ಹುಡುಕಿ ಫೋನ್ ಮಾಡಿ, ನಿಮ್ಮ ಮನೆಯ ಚಿತ್ರವೂ ನೀವು ಹೇಳಿದ ಮಾತೂ ನಮ್ಮ ಹತ್ತಿರ ಇದೆ, ಬೇಕಾದರೆ ಕೊಡುತ್ತೇವೆ ಎನ್ನುತ್ತಾಳೆ. ತೊಂಬತ್ತಕ್ಕೂ ಹೆಚ್ಚು ಮನೆಗಳು ಸಿಕ್ಕಿವೆ. ಕೆಲವರು ಬೇಡ ಅಂದರು. ಒಬ್ಬರು, ಚಿತ್ರ ಬೇಡ, ಅಪ್ಪ ಆವತ್ತು ಏನು ಹೇಳಿದ್ದರೋ ಅದನ್ನಷ್ಟೇ ಓದಿ ಎಂದು, ಓದಿ ಮುಗಿದ ಮೇಲೂ ಫೋನ್ ಇಡದೆ ಇದ್ದರು.

ಈ ವರ್ಷ ಯುಗಾದಿ ಆದ ಮೇಲೆ ರುಕ್ಮಿಣಿಬಾಯಿ ಎಂಬ ಮುದುಕಿ ಕಮಲನಗರದಿಂದ ಔರಾದದ ಆ ಮನೆಗೆ ಹುಡುಕಿಕೊಂಡು ಬಂದರು. ಯಾರಿಂದಲೋ ಕೇಳಿದ್ದರಂತೆ. ಹದಿನಾಲ್ಕನೆಯ ವಯಸ್ಸಿಗೆ ತೀರಿಕೊಂಡ ತನ್ನ ತಮ್ಮ ಪಂಢರಿಯ ಮುಖ ಬೇಕು ಅಂದರು.

"ನನಗ ಕಣ್ಣಿಲ್ಲವ್ವಾ" ಎಂದರು ಹಾವಗೆಪ್ಪ. ಆಮೇಲೆ ಸಪನಾಳ ಕಡೆ ತಿರುಗಿದರು. "ನೀ ಮಾಡ್ಲಿಕ್ಕೆ ಕೂಡ್ತೀಯೇನು?"

"ನನಗ ಬರಂಗಿಲ್ಲ ಕಾಕಾ."

"ನನಗೂ ಬರ್ತಿರ್ಲಿಲ್ಲ."

ಹಾವಗೆಪ್ಪ ಕೇಳುತ್ತ ಹೋದರು, ರುಕ್ಮಿಣಿಬಾಯಿ ಹೇಳುತ್ತ ಹೋದರು, ಸಪನಾ ಕ್ಯಾಮೆರಾ ಹಿಡಿದು ಕಾದಳು. ಆರು ಶುಕ್ರವಾರ ಆಯಿತು. ಏಳನೆಯ ಶುಕ್ರವಾರ ಮುಖ ಮುಗಿಸಿ ತೋರಿಸಿದಳು. ಮುದುಕಿ ಲ್ಯಾಪ್‌ಟಾಪಿನ ಹತ್ತಿರಕ್ಕೆ ಬಗ್ಗಿ, ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇವ ನಮ್ಮ ಪಂಢರಿ ಅಲ್ಲ" ಎಂದರು. ಸಪನಾ ಲ್ಯಾಪ್‌ಟಾಪ್ ಮುಚ್ಚಲು ಹೋದಳು. "ಆದ್ರ ಛಲೋ ಹುಡುಗ ಇದ್ದಂಗ ಅದಾನ. ಮನಿಗಿ ಬಂದ್ರ ಉಣ್ಲಿಕ್ಕೆ ಹಾಕ್ತೇನಿ."

ಹಾವಗೆಪ್ಪ ದೊಡ್ಡದಾಗಿ ನಕ್ಕರು. ತಾವು ಮಾಡಿದ ಮೊದಲನೆಯ ಮುಖಕ್ಕೆ ಗಿರಾಕಿ ಬೈದು ಎದ್ದುಹೋಗಿದ್ದ, ಅದಕ್ಕಿಂತ ನಿನ್ನದು ಪರವಾಗಿಲ್ಲ ಎಂದರು. ರುಕ್ಮಿಣಿಬಾಯಿ ಹೋಗುವ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಸಪನಾ ಹೊಸ ಫೈಲು ತೆರೆದು, ಬಿಳಿ ಪರದೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮುದುಕಿಯ ಕಡೆ ತಿರುಗಿ ಕೇಳಿದಳು.

"ಅವ ನಿಮ್ಮ ಜೋಡಿ ಜಗಳಾಡಿದ್ರ ಏನ್ ಮಾಡ್ತಿದ್ದ, ಹೇಳ್ರಿ ಅಜ್ಜಿ."